ಕ್ಲಚ್ಚಮ್ಮನ ಕೆಂಪು ದೀಪ

ತಪಾಸಣಾ ಅಂಗಳದ ಬಿಳಿ ಗೆರೆಗಳ ನಡುವೆ ನಿಂತ ಕಾರಿನ ಸುತ್ತ ಸಾರಿಗೆ ಅಧಿಕಾರಿ ಎರಡು ಸಲ ನಡೆದರು. ಟೈರುಗಳಿಗೆ ಬೂಟಿನ ತುದಿ ತಾಗಿಸಿದರು, ಹಿಂದಿನ ದೀಪಗಳನ್ನು ಉರಿಸಿ ಆರಿಸಿದರು, ಬಾನೆಟ್ ಎತ್ತಿ ಪುಸ್ತಕದಲ್ಲಿ ಒಂದು ನಂಬರು ಬರೆದುಕೊಂಡರು. ಆಮೇಲೆ ಒಳಗೆ ಕೂತು, ಸೀಟನ್ನು ತಮ್ಮ ಕಾಲಿಗೆ ತಕ್ಕಂತೆ ಮುಂದಕ್ಕೆ ಎಳೆದುಕೊಂಡು, ಬೆಲ್ಟ್ ಹಾಕಿ, ಕೀ ತಿರುಗಿಸಿದರು. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆಗೇ ಉರಿದವು. ಎಂಜಿನ್ ಶುರುವಾದ ಮೇಲೆ ಆಯಿಲಿನ ದೀಪ ಆರಿತು, ಬ್ಯಾಟರಿಯದು ಆರಿತು. ಒಂದು ಮಾತ್ರ ಆರಲಿಲ್ಲ. ಎದೆಗೆ ಅಡ್ಡಪಟ್ಟಿ ಹಾಕಿಕೊಂಡು ಕೂತ ಪುಟ್ಟ ಕೆಂಪು ಮನುಷ್ಯನ ಚಿತ್ರ ಹಾಗೇ ಉರಿಯುತ್ತಿತ್ತು, ಜೊತೆಗೆ ಟಿಣ್ ಟಿಣ್ ಎಂಬ ಸದ್ದು.

ಅಧಿಕಾರಿ ಬೆಲ್ಟನ್ನು ಬಿಚ್ಚಿ ಮತ್ತೆ ಹಾಕಿದರು. ದೀಪ ಕದಲಲಿಲ್ಲ.

"ಬೆಲ್ಟ್ ಹಾಕಿದ್ದೀನಿ. ನಿಮ್ಮ ಗಾಡಿ ಹಾಕಿಲ್ಲ ಅಂತಿದೆ."

ಕಿಟಕಿಯ ಹೊರಗೆ ನಿಂತಿದ್ದ ಹೆಂಗಸು, ಕಾರಿನ ಒಡತಿ, ಬಗ್ಗಿ ನೋಡಿದರು. "ಸರ್, ಬೆಲ್ಟ್ ಗಟ್ಟಿಯಾಗಿದೆ. ಎಳೆದು ನೋಡಿ. ದೀಪ ಒಂದೇ ತಲೆಹರಟೆ."

"ಬೆಲ್ಟ್ ಗಟ್ಟಿಯಾಗಿದೆ ಅಂತ ನನಗೂ ಕಾಣ್ತಿದೆ ಮೇಡಂ. ದೀಪ ಸರಿಯಿಲ್ಲ ಅಂತಲೂ ಕಾಣ್ತಿದೆ. ಎರಡನ್ನೂ ಬರೀಬೇಕಲ್ಲ ನಾನು."

ಬರೆದರು. ಹದಿನೈದು ದಿನದೊಳಗೆ ಸರಿಮಾಡಿಸಿ ಮತ್ತೆ ತರಬೇಕು. ಅದೇ ಕೊನೆಯ ಅವಕಾಶ. ಕಾರಿಗೆ ಹದಿನೆಂಟು ವರ್ಷ. ಕಲಿಕೆಯ ವಾಹನಗಳ ಪಟ್ಟಿಯಿಂದ ಒಮ್ಮೆ ಹೆಸರು ಬಿದ್ದುಹೋದರೆ ಇಷ್ಟು ಹಳೆಯ ಗಾಡಿಯನ್ನು ಮತ್ತೆ ಸೇರಿಸಿಕೊಳ್ಳುವುದಿಲ್ಲ. ಆ ಹೆಂಗಸಿನ ಡ್ರೈವಿಂಗ್ ಶಾಲೆಯಲ್ಲಿ ಇರುವುದು ಅದೊಂದೇ ಕಾರು. ಕಾರು ಹೋದರೆ ಶಾಲೆ ಎಂದರೆ ಒಂದು ಬೋರ್ಡು, ಒಂದು ಮೇಜು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಒಂದು ಪಟ, ಅಷ್ಟೇ.

ಅವರಿಗೆ ಐವತ್ತೆರಡು ವರ್ಷ. ಕಲಿಯುವವರು ಎದುರಿಗೆ ಮೇಡಂ ಎನ್ನುತ್ತಾರೆ, ಬೆನ್ನ ಹಿಂದೆ ಕ್ಲಚ್ಚಮ್ಮ ಎನ್ನುತ್ತಾರೆ. "ಕ್ಲಚ್ ಒತ್ತು. ಪೂರ್ತಿ ಒತ್ತು. ಅರ್ಧ ಒತ್ತೋದಾದ್ರೆ ಮನೇಲೇ ಇರು" ಎಂಬ ಮಾತನ್ನು ದಿನಕ್ಕೆ ನೂರು ಸಲ ಹೇಳಿದ್ದರಿಂದ ಬಂದ ಹೆಸರು. ಈ ಹೆಸರು ಅವರಿಗೂ ಗೊತ್ತು. ಒಮ್ಮೆ ಕಲಿಯುವ ಹುಡುಗಿಯೊಬ್ಬಳ ತಾಯಿ ಫೋನು ಮಾಡಿ, ಪಾಪ, ಅದೇ ನಿಜವಾದ ಹೆಸರೆಂದುಕೊಂಡು, "ಕ್ಲಚ್ಚಮ್ಮ ಅವರು ಇದ್ದಾರಾ?" ಎಂದು ಕೇಳಿದ್ದರು. ಫೋನು ಎತ್ತಿದ ಗಂಡ, "ಇದ್ದಾರೆ, ಊಟಕ್ಕೆ ನಿಲ್ಲಿಸಿದ್ದಾರೆ" ಎಂದಿದ್ದರು. ಆ ದಿನ ಮನೆಯಲ್ಲಿ ಗಂಡನಿಗೆ ಬಡಿಸಿದವರಿಲ್ಲ.

ಕ್ಲಚ್ಚಮ್ಮ ಮೊದಲು ಏಳು ವರ್ಷ ಇನ್ನೊಬ್ಬರ ಡ್ರೈವಿಂಗ್ ಶಾಲೆಯಲ್ಲಿ ಅರ್ಜಿ ತುಂಬುವ ಕೆಲಸ ಮಾಡಿದರು. ಬೇರೆಯವರ ಹೆಸರು, ವಿಳಾಸ, ರಕ್ತದ ಗುಂಪು ಬರೆದು ಬರೆದು ಬೇಸತ್ತು, ಒಂದು ಮಧ್ಯಾಹ್ನ ಮಾಲೀಕರನ್ನು ನನಗೂ ಕಲಿಸಿ ಎಂದು ಕೇಳಿದರು. ಮೂರು ತಿಂಗಳಿಗೆ ಅವರೇ ಕಲಿಸುವವರಾದರು. ಹದಿನಾಲ್ಕು ವರ್ಷದ ಹಿಂದೆ ಮಾಲೀಕರು ಶಾಲೆ ಮುಚ್ಚಿದಾಗ ಈ ಕಾರನ್ನು ತಾವೇ ಕೊಂಡುಕೊಂಡರು. ಪಕ್ಕದ ಸೀಟಿನ ಕೆಳಗೆ ಕಲಿಸುವವರಿಗೆಂದು ಇನ್ನೊಂದು ಕ್ಲಚ್ಚು, ಇನ್ನೊಂದು ಬ್ರೇಕು ಇವೆ. ಬ್ರೇಕಿನ ಪೆಡಲಿನ ರಬ್ಬರು ಅವರ ಚಪ್ಪಲಿಯ ಆಕಾರಕ್ಕೇ ಸವೆದಿದೆ.

ಅವರ ಕಲಿಸುವ ಕ್ರಮ ಕಟ್ಟುನಿಟ್ಟಿನದು, ಮತ್ತು ಅದು ಸೀಟಿನಿಂದ ಶುರುವಾಗುತ್ತದೆ. ಕಾರಿಗೆ ಹತ್ತಿದವರು ಮೊದಲು ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಬೇಕು. ಆಮೇಲೆ ಕಟ್, ಕಟ್ ಎಂದು ಎಣಿಸುತ್ತ, ಸೀಟು ಜಾರುವ ಹಳಿಯ ಒಂದೊಂದೇ ಹಲ್ಲು ಮುಂದಕ್ಕೆ ಬರಬೇಕು. ಎಡಗಾಲು ಕ್ಲಚ್ಚನ್ನು ತಳಮುಟ್ಟ ಒತ್ತಿದಾಗ ಮೊಣಕಾಲು ಸ್ವಲ್ಪ ಬಾಗಿರುವಲ್ಲಿ ನಿಲ್ಲಬೇಕು. ಎಷ್ಟು ಹಲ್ಲು ಎಂಬುದನ್ನು ಕ್ಲಚ್ಚಮ್ಮ ಆ ವಿದ್ಯಾರ್ಥಿಯ ಕಾರ್ಡಿನಲ್ಲಿ ಬರೆದಿಡುತ್ತಾರೆ. ಎತ್ತರದವರಿಗೆ ಒಂದೋ ಎರಡೋ, ಗಿಡ್ಡಗಿರುವವರಿಗೆ ಏಳು, ಎಂಟು. ಹಿಂದಿನವರು ಹೇಗೆ ಬಿಟ್ಟುಹೋದರೋ ಹಾಗೇ ಕೂತು ಹೊರಡುವಂತಿಲ್ಲ. ಹಿಂದಿನವರು ಅಷ್ಟೇ ಎತ್ತರದವರಾಗಿದ್ದರೂ ಮತ್ತೆ ಹಿಂದಕ್ಕೆ ತಳ್ಳಿ ಎಣಿಸಬೇಕು.

"ಮೇಡಂ, ನಿನ್ನೆ ಎಂಟು ಇತ್ತು, ಇವತ್ತೂ ಎಂಟೇ ಇರತ್ತೆ. ನಾನೇನು ರಾತ್ರಿ ಬೆಳೆದಿದ್ದೀನಾ?" ಎಂದು ಕೇಳಿದವರಿದ್ದಾರೆ.

"ನೀನು ಬೆಳೆದಿಲ್ಲ, ಬುದ್ಧಿನೂ ಬೆಳೆದಿಲ್ಲ. ಹಿಂದಕ್ಕೆ ತಳ್ಳು" ಎಂಬುದು ಉತ್ತರ.

ಕಾರ್ಡುಗಳು ಗಂಡ ಕತ್ತರಿಸಿ ಕೊಟ್ಟವು. ಅವರು ಪುಸ್ತಕದ ಬೈಂಡರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿದ ಹಾಳೆಗಳ ಕಟ್ಟು, ಅಂಟಿನ ಬಟ್ಟಲು, ಭಾರಕ್ಕೆ ಇಟ್ಟ ಕಬ್ಬಿಣದ ತುಂಡುಗಳ ನಡುವೆ ದಿನ ಕಳೆಯುತ್ತಾರೆ. ರಟ್ಟು ಹೊದಿಸಿ ಉಳಿದ ಚೂರುಗಳನ್ನು ಅಂಗೈಯಗಲಕ್ಕೆ ಕೊಯ್ದು ಹೆಂಡತಿಗೆ ಕೊಡುತ್ತಾರೆ. ಅವರಿಗೆ ಕಾರು ಓಡಿಸಲು ಬರುವುದಿಲ್ಲ. ಕಲಿಯಲು ಹೋಗಿದ್ದು ಒಂದೇ ದಿನ. "ಎಲ್ಲಾದ್ರೂ ಹೋಗ್ಬೇಕಿದ್ರೆ ನಡ್ಕೊಂಡು ಹೋಗ್ತೀನಿ, ಬೈಸ್ಕೊಂಡು ಹೋಗಲ್ಲ" ಎಂದು ಅಂದೇ ತೀರ್ಮಾನಿಸಿದರು.

ಕಾರಿನ ವೈರಿಂಗ್ ಕೆಲಸವೆಲ್ಲ ಗಂಡನ ಅಣ್ಣನದು. ಮೂರು ರಸ್ತೆ ಆಚೆ ಅವರ ತಗಡಿನ ಶೆಡ್ಡಿದೆ. ವಾಹನಗಳ ಎಲೆಕ್ಟ್ರಿಷಿಯನ್ ಆಗಿ ಅವರಿಗೆ ಮೂವತ್ತು ವರ್ಷದ ಅನುಭವ, ಆರಡಿ ಎತ್ತರ, ಗಾಜು ಬಿರುಕು ಬಿಟ್ಟ ಒಂದು ಮೀಟರು, ಮತ್ತು ಯಾರ ಮಾತನ್ನೂ ಪೂರ್ತಿ ಕೇಳದ ಅಭ್ಯಾಸ. ಕ್ಲಚ್ಚಮ್ಮ ಅವರನ್ನು ಭಾವ ಎನ್ನುತ್ತಾರೆ, ಬಹುವಚನದಲ್ಲೇ ಮಾತಾಡಿಸುತ್ತಾರೆ, ಎದುರಿಗೆ ಒಂದು ದಿನವೂ ದನಿ ಏರಿಸಿದವರಲ್ಲ. ಊರಿಗೆಲ್ಲ ಬೈಯುವ ಹೆಂಗಸು ಅಲ್ಲಿ ಹಲ್ಲು ಕಚ್ಚಿಕೊಂಡು ನಿಲ್ಲುತ್ತಾರೆ. ಆದರೆ ಸಿಟ್ಟು ಬಂದ ದಿನ, ಮನೆಗೆ ಬಂದ ಮೇಲೆ, ಅವರು ಭಾವ ಆಗಿರುವುದಿಲ್ಲ. 'ನಿಮ್ಮಣ್ಣ' ಆಗಿರುತ್ತಾರೆ.

ಕಾರು ತಪಾಸಣೆಯಲ್ಲಿ ಫೇಲಾದ ದಿನ ಕ್ಲಚ್ಚಮ್ಮ ಅಂಗಳದಿಂದ ನೇರವಾಗಿ ಶೆಡ್ಡಿಗೆ ಹೋದರು. ದಾರಿಯುದ್ದಕ್ಕೂ ದೀಪ ಒಮ್ಮೆ ಬರುವುದು, ಒಮ್ಮೆ ಆರುವುದು ಮಾಡುತ್ತಿತ್ತು. ಭಾವ ಕೈ ಒರೆಸಿಕೊಳ್ಳುತ್ತ ಬಂದರು. ಬಾಗಿಲು ತೆಗೆದು, ಸೀಟಿನ ಕೆಳಗಿನ ಸರಳು ಎತ್ತಿ, ಸೀಟನ್ನು ಕೊನೆಯವರೆಗೆ ಹಿಂದಕ್ಕೆ ತಳ್ಳಿ ಕೂತರು. ಬೆಲ್ಟ್ ಹಾಕಿದರು, ಕೀ ತಿರುಗಿಸಿದರು.

ದೀಪ ಆರಿತು.

"ಎಲ್ಲಮ್ಮಾ ನಿನ್ನ ದೀಪ?"

"ಭಾವ, ಈಗ ತಾನೆ ಇತ್ತು. ಗೇಟಿನ ಹತ್ರ ಕೂಡ ಇತ್ತು."

"ಗೇಟಿನ ಹತ್ರ ಇದ್ದಿದ್ದು ನನಗೇನು ಗೊತ್ತು? ಈಗ ಇಲ್ಲ." ಬೆಲ್ಟ್ ಬಿಚ್ಚಿದರು, ದೀಪ ಬಂತು. ಹಾಕಿದರು, ಆರಿತು. ಹತ್ತು ಸಲ ಮಾಡಿ ತೋರಿಸಿದರು. "ನೋಡು, ಶಾಲೆ ಮಕ್ಕಳ ಹಾಗೆ ಹೇಳಿದ್ದು ಕೇಳ್ತಿದೆ."

ಆದರೂ ತಂಗಿಯಂಥವಳು ಕೇಳುತ್ತಿದ್ದಾಳೆಂದು ಫ್ಯೂಸು ಕಿತ್ತು ಒರೆಸಿ ಹಾಕಿದರು. ಕ್ಲಚ್ಚಮ್ಮ ಹೊರಟು ಎರಡನೇ ತಿರುವಿಗೆ ಬರುವಷ್ಟರಲ್ಲಿ ಕೆಂಪು ಮನುಷ್ಯ ಹಾಜರಾಗಿದ್ದ.

ಆ ವಾರ ನಾಲ್ಕು ಸಲ ಹೋದರು. ನಾಲ್ಕು ಸಲವೂ ಅದೇ ಕತೆ. ರಸ್ತೆಯಲ್ಲಿ ದೀಪ ಉರಿಯುತ್ತದೆ, ಶೆಡ್ಡಿನಲ್ಲಿ ಭಾವ ಕೂತ ತಕ್ಷಣ ಆರುತ್ತದೆ. ಒಂದು ಸಲ ಕ್ಲಚ್ಚಮ್ಮ ಎಂಜಿನ್ ನಿಲ್ಲಿಸದೆ, ಉರಿಯುವ ದೀಪವನ್ನು ಹಾಗೇ ತೋರಿಸಿದರು. ಭಾವ ಕಿಟಕಿಯಿಂದ ನೋಡಿ "ಹ್ಞೂಂ, ಇದೆ" ಎಂದು ಒಪ್ಪಿದರು. "ಇಳಿ, ನೋಡೋಣ" ಎಂದು ತಾವು ಹತ್ತಿ, ಸೀಟು ಹಿಂದಕ್ಕೆ ತಳ್ಳಿ ಕೂತರು. ದೀಪ ಆರಿತು. ಕ್ಲಚ್ಚಮ್ಮನಿಗೆ ಅಳುವೋ ನಗುವೋ ತಿಳಿಯಲಿಲ್ಲ.

"ನಿಮ್ಮನ್ನ ಕಂಡ್ರೆ ಹೆದರ್ಕೊಳ್ಳತ್ತೆ ಭಾವ."

"ಬಕಲ್ ಹೋಗಿರ್ಬೇಕು" ಎಂದರು ಭಾವ. ಬೆಲ್ಟಿನ ನಾಲಿಗೆ ಸಿಕ್ಕಿಕೊಳ್ಳುವ ಆ ಡಬ್ಬಿಯ ಒಳಗೆ ಒಂದು ಚಿಕ್ಕ ಸ್ವಿಚ್ಚಿರುತ್ತದೆ. ಬೆಲ್ಟ್ ಹಾಕಿದೆಯೋ ಇಲ್ಲವೋ ಎಂದು ದೀಪಕ್ಕೆ ಹೇಳುವುದು ಅದು. ಗುಜರಿಯಿಂದ ಇದೇ ಮಾದರಿಯ ಕಾರಿನ ಬಕಲ್ ತರಿಸಿದರು. ಹಾಕುವ ಮೊದಲು ಬ್ಯಾಟರಿಯ ಕ್ಲಿಪ್ ತೆಗೆದರು. ಸೀಟಿನ ಕೆಳಗೆ ಬಕಲಿನ ವೈರು ನೆಲದ ವೈರಿಗೆ ಸೇರುವ ಪ್ಲಾಸ್ಟಿಕ್ ಕೊಂಡಿಯನ್ನು ಬಿಡಿಸಿ, ಅಲ್ಲಿಂದ ಮೇಲಿನದನ್ನೆಲ್ಲ ಮೀಟರಿನಲ್ಲಿ ಅಳೆದು, ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದರು. ಕೆಲಸ ಅಚ್ಚುಕಟ್ಟಾಗಿತ್ತು. ದೀಪ ಮಾತು ಕೇಳಿತು. ಮಾರನೆಯ ದಿನ ಬೆಳಗಿನ ಮೊದಲ ಪಾಠಕ್ಕೆ ಆಸ್ಪತ್ರೆಯ ನರ್ಸ್ ಬಂದು ಕೂತಳು, ಸೀಟು ಎಣಿಸಿ ಎಂಟಕ್ಕೆ ತಂದಳು, ಬೆಲ್ಟ್ ಹಾಕಿದಳು.

ಟಿಣ್ ಟಿಣ್ ಟಿಣ್.

ಕ್ಲಚ್ಚಮ್ಮ ಕಣ್ಣು ಮುಚ್ಚಿಕೊಂಡು ಹತ್ತರವರೆಗೆ ಎಣಿಸಿದರು.

"ಬಿಡಿ ಮೇಡಂ, ಅದು ಯಾವಾಗ್ಲೂ ಇರತ್ತಲ್ಲ" ಎಂದಳು ನರ್ಸ್, ಸಮಾಧಾನ ಮಾಡುವವಳಂತೆ. ಅವಳಿಗೆ ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾದು ಸಾಕಾಗಿತ್ತು. ಬೇಗ ಲೈಸೆನ್ಸ್ ಬೇಕಿತ್ತು, ದೀಪದ ಚಿಂತೆ ಇರಲಿಲ್ಲ. ಗೇರು ಹಾಕಿ ಹೊರಟಳು. ಮೊಂಡು ಹಿಡಿದ ಎತ್ತಿನ ಹಾಗೆ ಕಾರು ಮುಂದೆ ಹೋಗಲು ಒಲ್ಲೆ ಎಂದಿತು. ಅವಳು ಇನ್ನಷ್ಟು ಆಕ್ಸಿಲರೇಟರ್ ಒತ್ತಿದಳು. ಕ್ಲಚ್ಚಮ್ಮ ತಮ್ಮ ಕಡೆಯ ಬ್ರೇಕು, ಕ್ಲಚ್ಚು ಎರಡನ್ನೂ ಒತ್ತಿ ನಿಲ್ಲಿಸಿದರು.

"ಏನು ಮರೆತೆ?"

"ಏನಿಲ್ಲ ಮೇಡಂ."

"ಹ್ಯಾಂಡ್ ಬ್ರೇಕ್ ಎಳೆದೇ ಇದೆ. ದೀಪ ಉರೀತಿದೆ, ಕಾಣ್ಲಿಲ್ವಾ?"

ನರ್ಸ್ ಡ್ಯಾಶ್‌ಬೋರ್ಡ್ ನೋಡಿದಳು. ಎರಡು ಕೆಂಪು ದೀಪ ಪಕ್ಕಪಕ್ಕದಲ್ಲಿ ಉರಿಯುತ್ತಿದ್ದವು. "ಕೆಂಪು ದೀಪ ಇತ್ತು ಮೇಡಂ. ಅದು ಕೆಟ್ಟಿರೋದು ಅಂದ್ಕೊಂಡೆ. ಎರಡಿದೆ ಅಂತ ನೋಡ್ಲಿಲ್ಲ."

ಕ್ಲಚ್ಚಮ್ಮ ಆ ದಿನ ಬೈಯಲಿಲ್ಲ. ಬೈಯದಿದ್ದುದರಿಂದ ನರ್ಸ್ ಹೆಚ್ಚು ಹೆದರಿದಳು. ಹದಿನಾಲ್ಕು ವರ್ಷ 'ಕೆಂಪು ಕಂಡರೆ ಕಾಲೆತ್ತು' ಎಂದು ಹೇಳಿಕೊಟ್ಟ ಕಾರೇ ಈಗ ಕೆಂಪು ದೀಪವನ್ನು ಲೆಕ್ಕಕ್ಕಿಡಬೇಡಿ ಎಂದು ಕಲಿಸುತ್ತಿತ್ತು.

ಎಂಟನೆಯ ದಿನ ಭಾವ ಇನ್ನೊಂದು ದಾರಿ ಹೇಳಿದರು. "ಕೊಂಡಿ ಹತ್ರ ವೈರ್ ಕತ್ತರಿಸಿ ಬಿಡ್ತೀನಿ. ದೀಪ ಬರೋದೇ ಇಲ್ಲ. ನೆಮ್ಮದಿ."

"ಬೆಲ್ಟ್ ಹಾಕ್ದೇ ಇದ್ರೂ ಬರಲ್ವಾ?"

"ಏನೇ ಮಾಡಿದ್ರೂ ಬರಲ್ಲ."

"ಆ ಅಧಿಕಾರಿ ಬಿಚ್ಚಿ, ಹಾಕಿ, ಎರಡೂ ನೋಡ್ತಾರೆ ಭಾವ. ಬಿಚ್ಚಿದಾಗ ಬರ್ಬೇಕು, ಹಾಕಿದಾಗ ಹೋಗ್ಬೇಕು."

"ಅವರಿಗೆ ಬೇರೆ ಕೆಲಸ ಇಲ್ವಾ?"

"ಅದೇ ಕೆಲಸ ಅವರದ್ದು. ಅವರು ನೋಡ್ದೇ ಇದ್ರೂ ನನಗದು ಬೇಡ. ಬೆಲ್ಟ್ ಹಾಕ್ದೇ ಕೂತೋರಿಗೆ ಏನೂ ಹೇಳದ ಗಾಡೀಲಿ ನಾನು ಪಾಠ ಹೇಳ್ಕೊಡ್ಲಾ?"

ಭಾವನ ಮುಖ ಕೆಂಪಾಯಿತು. "ಹಾಗಾದ್ರೆ ನಾನು ಕೂತಾಗ್ಲೂ ದೀಪ ಬರೋವಾಗ ತಗೊಂಡು ಬಾ. ಬರದೇ ಇರೋ ದೀಪಾನ ನಾನು ಹೇಗೆ ರಿಪೇರಿ ಮಾಡ್ಲಿ?" ಎಂದು ಒಳಗೆ ಹೋದರು. ಕ್ಲಚ್ಚಮ್ಮ ಕಾರಿನ ಬಾಗಿಲು ಹಾಕಿದರು. ಹಾಕಿದ ಸದ್ದಿಗೆ ಶೆಡ್ಡಿನ ತಗಡು ನಡುಗಿತು.

ಮನೆಯಲ್ಲಿ ಅವರ ಮಾತು ಹೊರಬಿತ್ತು. "ನಿಮ್ಮಣ್ಣ ಹೇಳ್ತಾರೆ, ದೀಪ ಬರ್ತಿಲ್ಲವಂತೆ. ಊರಿಗೆಲ್ಲ ಕಾಣತ್ತೆ, ನಿಮ್ಮಣ್ಣನಿಗೆ ಕಾಣಲ್ಲ. ನಾನೇನು ಸುಳ್ಳು ಹೇಳ್ತೀನಾ? ಅವರಿಗೆ ಸಾಕ್ಷಿ ಬೇಕಂತೆ, ಕೊಡ್ತೀನಿ."

ಗಂಡ ಪುಸ್ತಕದ ಬೆನ್ನಿಗೆ ಅಂಟು ಸವರುತ್ತ, "ಯಾರ ಹತ್ರ ಸಾಕ್ಷಿ ಹೇಳಿಸ್ತೀಯ, ಕೆಂಪು ಮನುಷ್ಯನ ಹತ್ರಾನಾ?" ಎಂದರು.

ಕ್ಲಚ್ಚಮ್ಮ ಮಾಡಿದ್ದು ಇಷ್ಟು. ಮಾರನೆಯ ದಿನದಿಂದ ಪ್ರತಿ ಪಾಠದಲ್ಲೂ ಬೆಲ್ಟ್ ಹಾಕಿದ ಮೇಲೆ ದೀಪ ಉರಿದರೆ ಆ ವಿದ್ಯಾರ್ಥಿಯ ಕಾರ್ಡಿನ ಮೂಲೆಗೆ ಕೆಂಪು ಪೆನ್ನಿನಿಂದ ಒಂದು ಚುಕ್ಕೆ. ಉರಿಯದಿದ್ದರೆ ಇಲ್ಲ. ಮೂರು ದಿನದಲ್ಲಿ ಇಪ್ಪತ್ತೇಳು ಪಾಠ, ಹದಿನೇಳು ಚುಕ್ಕೆ. ಹನ್ನೊಂದನೆಯ ದಿನ ಸಂಜೆ ಆ ಕಟ್ಟನ್ನು ತಂದು ಗಂಡನ ಮೇಜಿನ ಮೇಲೆ ಬಡಿದರು. "ನಾಳೆ ಇದನ್ನ ನಿಮ್ಮಣ್ಣನ ಮುಖಕ್ಕೆ ಹಿಡೀತೀನಿ" ಎಂದು ಹೇಳಿ ಚಹಾಕ್ಕೆ ನೀರಿಡಲು ಹೋದರು. ಮುಖಕ್ಕೆ ಹಿಡಿಯುವ ಧೈರ್ಯ ಅವರಿಗಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಬೈಂಡರನಿಗೆ ಅಡ್ಡಾದಿಡ್ಡಿ ಬಿದ್ದ ಕಾಗದ ಕಂಡರೆ ಕೈ ಸುಮ್ಮನಿರುವುದಿಲ್ಲ. ಮೂವತ್ತು ವರ್ಷ ಪುಟಸಂಖ್ಯೆ ನೋಡಿ ಹಾಳೆ ಜೋಡಿಸಿದ ಕೈ ಅದು. ಕಾರ್ಡುಗಳ ಮೇಲೆ ಒಂದು ಅಂಕಿ ಕಂಡಿತು. ಆ ಅಂಕಿ ಏನೆಂದು ಅವರಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಒಂದರ ಮೇಲೆ ಎರಡು, ಎರಡರ ಮೇಲೆ ಮೂರು ಎಂದು ಜೋಡಿಸಿ, ಅಂಚು ತಟ್ಟಿ ಸಮ ಮಾಡಿದರು. ಚಹಾ ತಂದಿಟ್ಟ ಹೆಂಡತಿಯನ್ನು ಕೇಳಿದರು:

"ಅಲ್ವೇ, ಈ ಅಂಕಿ ಏನು?"

"ಸೀಟಿನ ಹಲ್ಲು. ಎಷ್ಟು ಮುಂದಕ್ಕೆ ಬಂದಿದ್ದಾರೆ ಅಂತ. ಯಾಕೆ?"

"ಏನಿಲ್ಲ. ಐದರವರೆಗೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಆರರಿಂದ ಮೇಲೆ ಎಲ್ಲಾದಕ್ಕೂ ಚುಕ್ಕೆ. ನಿನ್ನ ದೀಪಕ್ಕೆ ಗಿಡ್ಡಗಿರೋರನ್ನ ಕಂಡ್ರೆ ಆಗಲ್ವಾ?"

ಕ್ಲಚ್ಚಮ್ಮ ಕಾರ್ಡುಗಳನ್ನು ಕಿತ್ತುಕೊಂಡರು. ಸೊನ್ನೆ, ಒಂದು, ಎರಡು, ಮೂರು: ಒಂದೂ ಚುಕ್ಕೆಯಿಲ್ಲ. ನಾಲ್ಕಕ್ಕೆ ಒಂದು. ಐದಕ್ಕೆ ಎರಡು. ಆಮೇಲೆ ಸಾಲಾಗಿ ಕೆಂಪು. ಅವರ ಸ್ವಂತ ಹಲ್ಲು ಐದು. ತಾವು ಓಡಿಸುವಾಗ ದೀಪ ಒಮ್ಮೆ ಬರುವುದು ಒಮ್ಮೆ ಆರುವುದು ಏಕೆಂದು ಹೊಳೆಯಿತು. ಅಧಿಕಾರಿ ಸೀಟನ್ನು ಮುಂದಕ್ಕೆ ಎಳೆದುಕೊಂಡದ್ದು ನೆನಪಾಯಿತು. ಭಾವ ಆರಡಿ ದೇಹವನ್ನು ತೂರಿಸುವ ಮೊದಲು ಸರಳು ಎತ್ತಿ ಸೀಟನ್ನು ಕೊನೆಗೆ ತಳ್ಳುವುದೂ ಕಣ್ಣ ಮುಂದೆ ಬಂತು. ಭಾವನ ಹಲ್ಲು ಸೊನ್ನೆ. ಮೂವತ್ತು ವರ್ಷದಲ್ಲಿ ಅವರು ಯಾವ ಕಾರನ್ನೂ ಸೊನ್ನೆ ಬಿಟ್ಟು ಬೇರೆಡೆಯಿಂದ ನೋಡಿದವರಲ್ಲ. ಸೀಟಿನ ಕೆಳಗೆ ಕೈ ಹಾಕುವಾಗಲೂ ಜಾಗಕ್ಕೆಂದು ಹಿಂದಕ್ಕೇ ತಳ್ಳುತ್ತಿದ್ದರು.

"ಹತ್ತು ದಿನ" ಎಂದರು ಕ್ಲಚ್ಚಮ್ಮ. "ಹತ್ತು ದಿನ ನನ್ನ ತಲೆ ತಿಂದ್ರಲ್ಲ ಇಬ್ಬರೂ!"

"ನಾನೇನು ಮಾಡ್ದೆ?" ಎಂದರು ಗಂಡ.

"ಮೊದಲೇ ಜೋಡಿಸ್ಬೇಕಿತ್ತು!"

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಅವರು ಮೊದಲ ಬಾರಿಗೆ ಭಾವನಿಗೆ ಪಾಠ ಹೇಳಿದರು.

"ಭಾವ, ತಪ್ಪು ತಿಳ್ಕೋಬೇಡಿ. ಇವತ್ತು ನೀವು ನನ್ನ ಸ್ಟೂಡೆಂಟ್. ಹತ್ತಿ."

ಭಾವ ಹತ್ತಿದರು. ಕೈ ತಾನಾಗಿ ಸರಳಿಗೆ ಹೋಯಿತು, ಸೀಟು ಹಿಂದಕ್ಕೆ ಜಾರಿತು.

"ಸರಿ. ಪೂರ್ತಿ ಹಿಂದೆ, ನಮ್ಮ ಕ್ರಮದಲ್ಲೇ ಇದೆ. ಈಗ ಎಂಟು ಹಲ್ಲು ಮುಂದೆ ಬನ್ನಿ."

"ಎಂಟಾ? ನನ್ನ ಕಾಲು ಎಲ್ಲಿಡ್ಲಿ, ನಿನ್ನ ತಲೆ ಮೇಲಾ?"

"ಬನ್ನಿ ಭಾವ, ಎಣಿಸಿ."

ಕಟ್, ಕಟ್, ಕಟ್. ನಾಲ್ಕಕ್ಕೆ ಮೊಣಕಾಲು ಸ್ಟೀರಿಂಗಿಗೆ ತಾಗಿತು. ಆರಕ್ಕೆ ಎದೆಗೆ ಬಂತು. ಎಂಟಕ್ಕೆ ಬಂದಾಗ ಭಾವ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಕೊಡೆಯಂತೆ ಕೂತಿದ್ದರು. ಹಾಗೇ ಕಷ್ಟಪಟ್ಟು ಬೆಲ್ಟ್ ಎಳೆದು ಬಕಲಿಗೆ ಸಿಕ್ಕಿಸಿದರು, ಕೀ ತಿರುಗಿಸಿದರು.

ಕೆಂಪು ಮನುಷ್ಯ ಉರಿದ. ಬೆಲ್ಟ್ ಹಾಕಿ, ಬಿಚ್ಚಿ, ಹಾಕಿ ನೋಡಿದರೂ ಉರಿಯುತ್ತಲೇ ಇದ್ದ.

ಭಾವ ಕೀ ತಿರುಗಿಸಿ ಎಂಜಿನ್ ಆರಿಸಿದರು. ಆಮೇಲೆ, "ನನ್ನನ್ನ ಇಲ್ಲಿಂದ ಬಿಡಿಸು ಮೊದಲು" ಎಂದರು.

ಬ್ಯಾಟರಿಯ ಕ್ಲಿಪ್ ತೆಗೆದು, ಸೀಟನ್ನು ಮುಂದಿನ ಸ್ಥಾನದಲ್ಲೇ ಇಟ್ಟು, ಈ ಸಲ ಹಿಂದಿನ ಬಾಗಿಲಿನಿಂದ ಒಳಗೆ ಮಲಗಿ, ಟಾರ್ಚು ಹಿಡಿದು ನೋಡಿದರು. ವೈರು ನೆಲದ ಕಾರ್ಪೆಟ್ಟಿನ ಅಂಚಿನಿಂದ ಮೇಲೆ ಬಂದು ಕೊಂಡಿಗೆ ಸೇರುವ ಕಡೆ ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಹಿಡಿ ಮುರಿದಿತ್ತು. ಸಡಿಲವಾದ ವೈರು ಸೀಟು ಜಾರುವ ಹಳಿಯ ಮೇಲೆ ಬಿದ್ದಿತ್ತು. ಸೀಟು ಹೋಗಿ ಬಂದು ವೈರಿನ ಮೈಯ ರಬ್ಬರು ಉಗುರಗಲ ಸವೆದು, ಒಳಗಿನ ತಾಮ್ರ ಹೊಳೆಯುತ್ತಿತ್ತು. ಸೀಟು ಹಿಂದಿದ್ದರೆ ಆ ಜಾಗ ಹಳಿಯಿಂದ ದೂರ ಉಳಿಯುತ್ತದೆ. ಮುಂದೆ ಬಂದರೆ ತಾಮ್ರ ಹಳಿಗೆ ತಾಗುತ್ತದೆ. ಆಗ ದೀಪಕ್ಕೆ, ಬೆಲ್ಟ್ ಹಾಕಿದ್ದರೂ ಹಾಕಿಲ್ಲ ಎಂಬ ಸುದ್ದಿಯೇ ಹೋಗುತ್ತದೆ. ಬಕಲಿನ ತಪ್ಪು ಒಂದಿಷ್ಟೂ ಇರಲಿಲ್ಲ. ಭಾವ ಕೊಂಡಿಯಿಂದ ಮೇಲೆ ಮಾತ್ರ ಅಳೆದಿದ್ದರು. ರೋಗವಿದ್ದದ್ದು ಕೊಂಡಿಯಿಂದ ಕೆಳಗೆ.

ಭಾವ ಮಲಗಿದ್ದಲ್ಲಿಂದಲೇ ಕೇಳಿದರು. "ಈ ಸೀಟನ್ನ ದಿನಕ್ಕೆ ಎಷ್ಟು ಸಲ ಎಳೀತಾರಮ್ಮಾ?"

"ಒಂಬತ್ತು ಪಾಠ ಇರತ್ತೆ. ಒಬ್ಬೊಬ್ಬರೂ ಒಂದು ಸಲ ಹಿಂದೆ, ಒಂದು ಸಲ ಮುಂದೆ."

"ಜನ ಕಾರ್ ತಗೊಂಡ ದಿನ ಸೀಟು ಜರುಗಿಸ್ತಾರೆ, ಮಾರೋ ದಿನ ಜರುಗಿಸ್ತಾರೆ. ನೀನು ಹದಿನಾಲ್ಕು ವರ್ಷ ಗರಗಸ ಎಳೆದ ಹಾಗೆ ಎಳೆಸಿದ್ದೀಯ. ವೈರ್ ಇಷ್ಟು ದಿನ ತಡ್ಕೊಂಡಿದ್ದೇ ದೊಡ್ಡದು."

ಕ್ಲಚ್ಚಮ್ಮ ತಮ್ಮ ಪಾಠದಲ್ಲಿ ಅತಿ ಹೆಚ್ಚು ನೆಚ್ಚಿಕೊಂಡದ್ದು ಆ ಮೊದಲ ಹೆಜ್ಜೆಯನ್ನು. ಬೇರೆ ಶಾಲೆಯವರು ಅದನ್ನು ಮಾಡಿಸುವುದಿಲ್ಲ ಎಂದು ಹೇಳಿಕೊಂಡು ತಿರುಗಿದವರು ಅವರು.

"ಹಾಗಂತ ಸೀಟು ಜರುಗಿಸ್ದೇ ಪಾಠ ಹೇಳಕ್ಕಾಗತ್ತಾ ಭಾವ?"

"ಜರುಗಿಸ್ಬೇಡ ಅಂದೆನಾ? ಹಿಂದಿನೋನೂ ಅಷ್ಟೇ ಉದ್ದ ಇದ್ರೆ ಸುಮ್ನಿರು ಅಂತೀನಿ."

"ಆಗಲ್ಲ" ಎಂದರು ಕ್ಲಚ್ಚಮ್ಮ. ಭಾವನೆದುರು ಇಷ್ಟು ಖಂಡಿತವಾಗಿ ಅವರು ಎಂದೂ ಮಾತಾಡಿರಲಿಲ್ಲ. "ಒಂದಿನ ಬಿಟ್ರೆ ನಾಳೆಯಿಂದ ಯಾರೂ ಮಾಡಲ್ಲ. ನೀವು ವೈರ್ ಗಟ್ಟಿ ಮಾಡಿ. ತಿಂಗಳಿಗೊಂದು ಸಲ ಗಾಡಿ ತರ್ತೀನಿ, ಕೆಳಗೆ ನೋಡಿ. ಆದ್ರೆ ಮುಂದಿನ ಹಲ್ಲಲ್ಲಿ ಇಟ್ಟು ನೋಡಿ."

ಟಾರ್ಚಿನ ಬೆಳಕು ಸ್ವಲ್ಪ ಹೊತ್ತು ಒಂದೇ ಕಡೆ ನಿಂತಿತು. ಕೊನೆಯ ಮಾತು ಚುಚ್ಚಿತ್ತು. ಸೀಟಿನ ಕೆಳಗಿನಿಂದ ದನಿ ಬಂತು: "ನನ್ನ ಕಾಲು ಉದ್ದ ಇರೋದು ನನ್ನ ತಪ್ಪಲ್ಲ. ನೋಡ್ದೇ ಇದ್ದಿದ್ದು ತಪ್ಪು. ಆ ಟೇಪು ಕೊಡು ಇಲ್ಲಿ."

ಸವೆದ ತುಂಡನ್ನು ಕತ್ತರಿಸಿ, ಹೊಸ ತುಂಡು ಬೆಸೆದು, ಮೇಲೆ ದಪ್ಪ ಕೊಳವೆ ತೊಡಿಸಿ, ಹಳಿಯಿಂದ ನಾಲ್ಕು ಬೆರಳು ದೂರಕ್ಕೆ ಸೀಟಿನ ಚೌಕಟ್ಟಿಗೆ ಎರಡು ಕಡೆ ಕಟ್ಟಿದರು. ಸೀಟು ಹೋಗಿ ಬರಲು ಬೇಕಾದಷ್ಟು ಸಡಿಲವನ್ನೂ ಬಿಟ್ಟರು. ಆಮೇಲೆ ಇಬ್ಬರೂ ಸೇರಿ ಸೊನ್ನೆಯಿಂದ ಎಂಟರವರೆಗೆ ಒಂದೊಂದೇ ಹಲ್ಲಿನಲ್ಲಿ ಬೆಲ್ಟ್ ಹಾಕಿ, ಬಿಚ್ಚಿ ನೋಡಿದರು. ಒಂಬತ್ತು ಸಲ ಬಂತು, ಒಂಬತ್ತು ಸಲ ಆರಿತು. ಭಾವನಿಗೆ ಸಾಕಾಯಿತು. ಕ್ಲಚ್ಚಮ್ಮನಿಗೆ ಸಾಲಲಿಲ್ಲ. ಮಧ್ಯಾಹ್ನದ ಪಾಠಗಳಲ್ಲಿ ಕಾರ್ಡುಗಳಿಗೆ ಚುಕ್ಕೆ ಹಾಕಲು ಕೆಂಪು ಪೆನ್ನು ಹಿಡಿದೇ ಕೂತರು. ಒಂದೂ ಬೀಳಲಿಲ್ಲ.

ಹದಿನಾಲ್ಕನೆಯ ದಿನ ತಪಾಸಣಾ ಅಂಗಳಕ್ಕೆ ಭಾವನೂ ಜೊತೆಗೆ ಬಂದರು. "ಆ ಅಧಿಕಾರಿನ ನೋಡ್ಬೇಕು ನಾನು" ಎಂದಿದ್ದರು. ಅದೇ ಬಿಳಿ ಗೆರೆಗಳು, ಅದೇ ಪುಸ್ತಕ. ಅಧಿಕಾರಿ ಟೈರು ನೋಡಲಿಲ್ಲ, ಬಾನೆಟ್ ಎತ್ತಲಿಲ್ಲ. ಒಳಗೆ ಕೂತು ಸೀಟನ್ನು ಮುಂದಕ್ಕೆ ಎಳೆದುಕೊಂಡರು. ಕಿಟಕಿಯ ಹೊರಗೆ ಭಾವ ಬೆರಳು ಮಡಿಸಿ ಎಣಿಸಿದರು. ಕಟ್, ಕಟ್, ಕಟ್. ಏಳು.

ಕೀ ತಿರುಗಿತು. ಬೆಲ್ಟ್ ಇಲ್ಲದೆ ದೀಪ ಬಂತು, ಸದ್ದು ಬಂತು. ಬೆಲ್ಟ್ ಬಕಲಿಗೆ ಸಿಕ್ಕಿಕೊಂಡಿತು. ಕೆಂಪು ಮನುಷ್ಯ ಆರಿದ. ಅಧಿಕಾರಿ ಬಿಚ್ಚಿದರು, ಹಾಕಿದರು, ಮತ್ತೆ ಬಿಚ್ಚಿದರು, ಮತ್ತೆ ಹಾಕಿದರು. ಸೀಟನ್ನು ಒಂದು ಹಲ್ಲು ಹಿಂದೆ ಜರುಗಿಸಿ ಇನ್ನೊಂದು ಸಲ ನೋಡಿದರು. ಕ್ಲಚ್ಚಮ್ಮ ಬಾಗಿಲಿನ ಹಿಡಿಯನ್ನು ಬಿಟ್ಟಿರಲಿಲ್ಲ.

"ಏನಾಗಿತ್ತು?"

"ವೈರ್ ಸವೆದಿತ್ತು ಸರ್."

"ಒಂದು ವೈರಿಗೆ ಇಷ್ಟು ದಿನ ಬೇಕಾಯ್ತಾ?" ಎಂದು ಅಧಿಕಾರಿ ಬರೆದು ಹಾಳೆ ಹರಿದು ಕೊಟ್ಟರು. ಇನ್ನೊಂದು ವರ್ಷಕ್ಕೆ ಕಾರು ಪಾಸು.

ಭಾವ ಏನೋ ಹೇಳಲು ಬಾಯಿ ತೆರೆದರು. ಕ್ಲಚ್ಚಮ್ಮ "ನಡೀರಿ ಭಾವ" ಎಂದು ತಡೆದರು.

ಕಾರಿಗೆ ಹತ್ತಿ ಕ್ಲಚ್ಚಮ್ಮ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಐದು ಹಲ್ಲು ಎಣಿಸಿ ಮುಂದೆ ಬಂದರು. ಅಧಿಕಾರಿ ಬಿಟ್ಟುಹೋದದ್ದು ಆರು, ಒಂದು ಹಲ್ಲು ಹಿಂದೆ ಸರಿದಿದ್ದರೆ ಸಾಕಿತ್ತು. ಪಕ್ಕದ ಸೀಟಿನಲ್ಲಿ ಭಾವ ಅದನ್ನು ನೋಡಿ ನಿಟ್ಟುಸಿರು ಬಿಟ್ಟರು. ಕ್ಲಚ್ಚಮ್ಮ ಬೆಲ್ಟ್ ಹಾಕಿ, ದೀಪ ಆರಿದ್ದನ್ನು ನೋಡಿ, ಹ್ಯಾಂಡ್ ಬ್ರೇಕ್ ಬಿಟ್ಟರು. ಕಾರು ಹೊರಡಲಿಲ್ಲ.

"ಏನಾಯ್ತು ಮತ್ತೆ?" ಎಂದರು ಭಾವ, ಗಾಬರಿಯಿಂದ ಡ್ಯಾಶ್‌ಬೋರ್ಡ್ ಕಡೆ ಬಗ್ಗಿ.

"ನಿಮ್ಮ ಬೆಲ್ಟ್."

"ಈ ಕಡೆ ಸೀಟಿಗೆ ದೀಪಾನೇ ಇಲ್ವಲ್ಲಮ್ಮಾ."

"ದೀಪ ಇಲ್ಲ ಭಾವ, ನಾನಿದ್ದೀನಿ."

ಭಾವ ಬೆಲ್ಟ್ ಎಳೆದುಕೊಂಡರು. ಹತ್ತೂವರೆಗೆ ನರ್ಸಿನ ಪಾಠವಿತ್ತು. ಆಗಲೇ ಹತ್ತು ನಿಮಿಷ ತಡವಾಗಿತ್ತು.